ನೋಡಿದ್ದೋ, ಕಂಡದ್ದೋ? ಇಂಗ್ಲಿಷ್ ಕ್ರಿಯಾಪದಗಳ ಆಯ್ಕೆಗೆ ಕನ್ನಡದೊಳಗಿನ ದಾರಿ

ನಮ್ಮ ‘ಕೇಳು’ ಎಷ್ಟು ಕೆಲಸ ಹೊತ್ತುಕೊಂಡಿದೆ ನೋಡಿ. ಮೀನಿನ ಬೆಲೆ ಕೇಳುತ್ತೇವೆ, ಅಮ್ಮನ ಮಾತು ಕೇಳುತ್ತೇವೆ, ಭಾಗವತರ ಪದ ಕೇಳುತ್ತೇವೆ, ಗದ್ದೆಯಾಚೆಯಿಂದ ಚೆಂಡೆಯ ಸದ್ದು ಕೇಳುತ್ತದೆ. ಈ ನಾಲ್ಕನ್ನೂ ಇಂಗ್ಲಿಷಿನಲ್ಲಿ ಹೇಳಬೇಕೆಂದರೆ ‘ಆಸ್ಕ್’, ‘ಒಬೇ’, ‘ಲಿಸನ್’, ‘ಹಿಯರ್’ ಎಂಬ ನಾಲ್ಕು ಬೇರೆ ಬೇರೆ ಕ್ರಿಯಾಪದಗಳು ಬೇಕು. ಮನೆಯಲ್ಲಿ ತುಳು ಮಾತಾಡುವವರಿಗೂ ಇದೇ ಕಷ್ಟ. ತುಳುವಿನ ‘ಕೇಣ್’ ಕೂಡ ವಿಚಾರಿಸುವುದಕ್ಕೂ ಆಲಿಸುವುದಕ್ಕೂ ಒಂದೇ. ಕೊಂಕಣಿ ಮನೆಯ ಮಕ್ಕಳಿಗೆ ಇಲ್ಲಿ ತುಸು ಅನುಕೂಲ, ಅವರಲ್ಲಿ ‘ವಿಚಾರ್’ ಬೇರೆ, ‘ಆಯ್ಕ’ ಬೇರೆ.

ಉಡುಪಿಯಲ್ಲಿ ಕುಳಿತು ಕನ್ನಡ ಮಾಧ್ಯಮದಿಂದ ಕಾಲೇಜಿಗೆ ಬಂದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು ನಾನು. ಈ ಮಕ್ಕಳಿಗೆ ಕಾಲಗಳ ಪಟ್ಟಿ ಬಾಯಿಪಾಠ ಬರುತ್ತದೆ, ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸಲೂ ಬರುತ್ತದೆ. ಬಾಯಿ ತೆರೆದು ಒಂದು ವಾಕ್ಯ ಹೇಳಬೇಕಾದಾಗ ಮಾತ್ರ ಕ್ರಿಯಾಪದದ ಹತ್ತಿರ ಬಂದು ತಡವರಿಸುತ್ತಾರೆ. ಅದು ಅವರ ದಡ್ಡತನವಲ್ಲ. ‘ಸೀ’ ಎಂದರೆ ನೋಡು, ‘ಲುಕ್’ ಎಂದರೆ ನೋಡು, ‘ವಾಚ್’ ಎಂದರೂ ನೋಡು ಎಂದು ನಾವೇ ಅವರಿಗೆ ಬರೆಸಿದ್ದೇವೆ. ಮೂರಕ್ಕೂ ಒಂದೇ ಅರ್ಥವಾದರೆ ಯಾವುದನ್ನು ಬಳಸಿದರೇನು ಎಂದು ಮಗು ಅಂದುಕೊಂಡರೆ ಅದರಲ್ಲಿ ತಪ್ಪು ಹುಡುಕುವುದು ಹೇಗೆ?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉಪದೇಶ ‘ಕನ್ನಡದಲ್ಲಿ ಯೋಚಿಸಬೇಡಿ, ಇಂಗ್ಲಿಷಿನಲ್ಲೇ ಯೋಚಿಸಿ’ ಎನ್ನುವುದು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಕನ್ನಡದಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ಯೋಚಿಸಿದರೆ ಇಂಗ್ಲಿಷಿನ ಬಹಳಷ್ಟು ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಶಬ್ದಾರ್ಥದ ಪಟ್ಟಿ ಮುಚ್ಚಿಡುವ ಎಷ್ಟೋ ಭೇದಗಳನ್ನು ನಮ್ಮ ವಿಭಕ್ತಿ ಪ್ರತ್ಯಯಗಳು ಆಗಲೇ ಬಿಡಿಸಿ ಇಟ್ಟಿವೆ.

‘ನಾನು’ ಮತ್ತು ‘ನನಗೆ’

ಮಳೆಗಾಲದಲ್ಲಿ ಮಲ್ಪೆಯ ದಡದಲ್ಲಿ ನಿಂತು ಸೈಂಟ್ ಮೇರೀಸ್ ದ್ವೀಪದ ಕಡೆ ಮುಖ ಮಾಡಿದ್ದೀರಿ ಎಂದುಕೊಳ್ಳಿ. ಮನೆಗೆ ಬಂದು ಏನೆಂದು ಹೇಳುತ್ತೀರಿ? ‘ನಾನು ದ್ವೀಪದ ಕಡೆ ನೋಡಿದೆ, ಆದರೆ ಮಳೆಯಲ್ಲಿ ನನಗೆ ಏನೂ ಕಾಣಿಸಲಿಲ್ಲ.’ ಮೊದಲರ್ಧದಲ್ಲಿ ‘ನಾನು’ ಇದೆ, ಎರಡನೆಯದರಲ್ಲಿ ‘ನನಗೆ’. ನೋಡುವುದು ನಾನು ಮಾಡಿದ ಕೆಲಸ. ಕಾಣಿಸುವುದು ನನ್ನ ಪಾಲಿಗೆ ಬಂದದ್ದು ಅಥವಾ ಬಾರದೇ ಹೋದದ್ದು. ‘ಲುಕ್’ ಮತ್ತು ‘ಸೀ’ ನಡುವಿನ ಗೆರೆ ಇದೇ. ನಾನು ನೋಡಿದರೆ ‘ಲುಕ್’, ನನಗೆ ಕಂಡರೆ ‘ಸೀ’. ಕಿವಿಯ ವಿಚಾರದಲ್ಲೂ ಹಾಗೆಯೇ: ನಾನು ಹಾಡು ಕೇಳುತ್ತೇನೆ ಎಂದರೆ ‘ಲಿಸನ್’, ನನಗೆ ಸದ್ದು ಕೇಳಿಸುತ್ತದೆ ಎಂದರೆ ‘ಹಿಯರ್’. ಹಿಂದಿನ ಬೆಂಚಿನ ವಿದ್ಯಾರ್ಥಿಗೆ ಪಾಠವೆಲ್ಲ ‘ಹಿಯರ್’ ಆಗುತ್ತಿರಬಹುದು. ಅವನು ‘ಲಿಸನ್’ ಮಾಡುತ್ತಿದ್ದಾನೆಯೇ ಎನ್ನುವುದು ಬೇರೆಯೇ ಪ್ರಶ್ನೆ.

‘ಲುಕ್’ ಮತ್ತು ‘ಲಿಸನ್’ ಗಮನವನ್ನು ಒಂದು ಕಡೆಗೆ ತಿರುಗಿಸುವ ಕ್ರಿಯೆಗಳಾದ್ದರಿಂದ, ಯಾವ ಕಡೆಗೆ ಎಂದು ತೋರಿಸುವ ಒಂದು ಚಿಕ್ಕ ಪದವನ್ನು ಜೊತೆಗೆ ಕೇಳುತ್ತವೆ: ‘ಲುಕ್ ಅಟ್’, ‘ಲಿಸನ್ ಟು’. ‘ಸೀ’ ಮತ್ತು ‘ಹಿಯರ್’ಗೆ ಅದು ಬೇಡ, ಕಣ್ಣಿಗೆ ಬಿದ್ದದ್ದು ನೇರವಾಗಿ ಬಿದ್ದದ್ದೇ.

ಉಳಿದದ್ದು ‘ವಾಚ್’. ಇದೂ ‘ನಾನು’ ಗುಂಪಿನದೇ, ಆದರೆ ಇದರಲ್ಲಿ ಹೊತ್ತು ಸೇರಿದೆ. ಎದುರಿಗೆ ಏನೋ ನಡೆಯುತ್ತಿದೆ, ಬದಲಾಗುತ್ತಿದೆ, ಮುಂದೇನಾಗುತ್ತದೆ ಎಂದು ಕಣ್ಣಿಟ್ಟು ಕೂತಿದ್ದೇವೆ. ಹಾಗಾಗಿ ರಾತ್ರಿಯಿಡೀ ಯಕ್ಷಗಾನ ನೋಡುವುದು ‘ವಾಚ್’. ಚೌಕಿಯಲ್ಲಿ, ಅಂದರೆ ವೇಷಧಾರಿಗಳ ಬಣ್ಣದ ಮನೆಯಲ್ಲಿ, ತೂಗುಹಾಕಿದ ಕಿರೀಟವನ್ನು ನೋಡುವುದು ‘ಲುಕ್ ಅಟ್’. ಕ್ರಿಕೆಟ್ ಪಂದ್ಯ ‘ವಾಚ್’, ಅಂಕಪಟ್ಟಿ ‘ಲುಕ್ ಅಟ್’. ಸಿನಿಮಾ ಒಂದು ಇಬ್ಬಂದಿ. ಮನೆಯ ಟಿವಿಯಲ್ಲಾದರೆ ‘ವಾಚ್’ ಎಂದೇ ಹೇಳುತ್ತಾರೆ, ಚಿತ್ರಮಂದಿರಕ್ಕೆ ಹೋಗಿ ನೋಡಿದ್ದಕ್ಕೆ ‘ಸೀ’ ಕೂಡ ಧಾರಾಳವಾಗಿ ನಡೆಯುತ್ತದೆ. ವೈದ್ಯರ ಬಳಿ ಹೋಗುವುದಕ್ಕೆ ‘ಸೀ’ಯೇ ಸರಿ, ‘ವಾಚ್ ಎ ಡಾಕ್ಟರ್’ ಎಂದರೆ ಅವರ ಚಲನವಲನದ ಮೇಲೆ ಕಣ್ಣಿಟ್ಟಂತಾಗುತ್ತದೆ.

ಈ ‘ನನಗೆ’ ಇಷ್ಟಕ್ಕೇ ನಿಲ್ಲುವುದಿಲ್ಲ, ಇನ್ನೂ ದೊಡ್ಡ ಗಂಟೊಂದನ್ನು ಬಿಚ್ಚುತ್ತದೆ. ‘ಐ ಆಮ್ ನೋಯಿಂಗ್’, ‘ಐ ಆಮ್ ವಾಂಟಿಂಗ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದೆಲ್ಲ ಭಾರತೀಯರು ಹೇಳುತ್ತಾರೆಂದು ನಗುವವರಿದ್ದಾರೆ. ಕೆಲವು ಕ್ರಿಯಾಪದಗಳು ‘ಇಂಗ್’ ರೂಪ ತಾಳುವುದಿಲ್ಲ ಎಂದು ವ್ಯಾಕರಣ ಪುಸ್ತಕ ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ. ಆ ಪಟ್ಟಿಯನ್ನು ಕನ್ನಡಕ್ಕೆ ತಿರುಗಿಸಿ ನೋಡಿ. ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ನೆನಪಿದೆ. ನನಗೆ ಅರ್ಥವಾಗುತ್ತದೆ. ನನಗೆ ಇಬ್ಬರು ಅಣ್ಣಂದಿರಿದ್ದಾರೆ. ಒಂದರ ಹಿಂದೊಂದು ‘ನನಗೆ’ ಬರುತ್ತಲೇ ಇದೆ! ತುಳುವಿನಲ್ಲಿ ಹೇಳಿದರೂ ‘ಎಂಕ್ ಗೊತ್ತುಂಡು’, ‘ಎಂಕ್ ಬೋಡು’ ಎಂದೇ ಬರುತ್ತದೆ, ‘ನಾನು’ ಎನ್ನುವ ‘ಯಾನ್’ ಬರುವುದಿಲ್ಲ. ಕೊಂಕಣಿಯಲ್ಲೂ ‘ಮ್ಹಾಕಾ ಜಾಯ್’, ನನಗೆ ಬೇಕು. ಮನುಷ್ಯ ಕೈಯಾರೆ ಮಾಡುವ ಕೆಲಸವೊಂದು, ಅವನಲ್ಲಿ ಸುಮ್ಮನೆ ನೆಲೆಸಿರುವ ಸ್ಥಿತಿಯೊಂದು. ನಮ್ಮ ಕರಾವಳಿಯ ಭಾಷೆಗಳು ಈ ಎರಡನ್ನು ವಿಭಕ್ತಿಯಿಂದ ಬೇರ್ಪಡಿಸುತ್ತವೆ, ಇಂಗ್ಲಿಷ್ ‘ಇಂಗ್’ ಕೊಡದೆ ಬೇರ್ಪಡಿಸುತ್ತದೆ.

ಒಂದೇ ಇಂಗ್ಲಿಷ್ ಕ್ರಿಯಾಪದಕ್ಕೆ ಎರಡು ಮುಖಗಳಿದ್ದಾಗಲೂ ಈ ಪರೀಕ್ಷೆ ಕೆಲಸಕ್ಕೆ ಬರುತ್ತದೆ. ‘ಹ್ಯಾವ್’ ಅಣ್ಣಂದಿರ ವಿಷಯದಲ್ಲಿ ‘ಇಂಗ್’ ಒಲ್ಲದು, ಊಟದ ವಿಷಯದಲ್ಲಿ ಒಪ್ಪುತ್ತದೆ: ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿಯಾದ ಇಂಗ್ಲಿಷ್. ಯಾಕೆಂದರೆ ಊಟ ‘ನಾನು’ ಮಾಡುತ್ತಿದ್ದೇನೆ. ‘ಥಿಂಕ್’ ಕೂಡ ಹಾಗೆಯೇ. ‘ಇದು ಸರಿಯೆಂದು ನನಗೆ ಅನ್ನಿಸುತ್ತದೆ’ ಎನ್ನುವಲ್ಲಿ ಬರಿಯ ‘ಐ ಥಿಂಕ್’. ‘ಏನು ಮಾಡುವುದೆಂದು ನಾನು ಯೋಚಿಸುತ್ತಿದ್ದೇನೆ’ ಎನ್ನುವಲ್ಲಿ ‘ಐ ಆಮ್ ಥಿಂಕಿಂಗ್’. ನಾನು ಇದನ್ನು ತರಗತಿಯ ಕಪ್ಪುಹಲಗೆಯ ಮೇಲೆ ಎರಡು ಕಂಬಸಾಲು ಮಾಡಿ ಬರೆಸುತ್ತೇನೆ, ಎಡಕ್ಕೆ ‘ನಾನು’, ಬಲಕ್ಕೆ ‘ನನಗೆ’. ವಾಕ್ಯಗಳನ್ನು ಮಕ್ಕಳೇ ಕೊಡುತ್ತಾರೆ, ಯಾವ ಸಾಲಿಗೆ ಎಂದು ಅವರೇ ಕೂಗುತ್ತಾರೆ. ಆ ಹೊತ್ತಿನಲ್ಲಿ ಅವರ ಮುಖದಲ್ಲಿ ಹೆದರಿಕೆ ಇರುವುದಿಲ್ಲ, ಯಾಕೆಂದರೆ ಕೇಳುತ್ತಿರುವುದು ಅವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯನ್ನೇ.

ಪರೀಕ್ಷೆಗೆ ಮಿತಿಯಿದೆ, ಅದನ್ನೂ ಹೇಳಬೇಕು. ‘ನಾನು ನಂಬುತ್ತೇನೆ’ ಎನ್ನುವಲ್ಲಿ ‘ನಾನು’ ಇದ್ದರೂ ‘ಬಿಲೀವ್’ ಸಾಮಾನ್ಯವಾಗಿ ‘ಇಂಗ್’ ತಾಳುವುದಿಲ್ಲ. ಅತ್ತ ‘ನನಗೆ ಹಸಿವಾಗುತ್ತಿದೆ’ ಎನ್ನುವುದನ್ನು ‘ಐ ಆಮ್ ಗೆಟಿಂಗ್ ಹಂಗ್ರಿ’ ಎಂದು ನಿಶ್ಚಿಂತೆಯಿಂದ ಹೇಳಬಹುದು. ಇಂಥವು ಇನ್ನೂ ಇವೆ, ಬಂದಾಗ ಬಂದಾಗ ಗುರುತು ಮಾಡಿಕೊಂಡರೆ ಸಾಕು.

‘ಇಸು’ ಕಳೆದುಕೊಂಡ ಭಾಷೆ

ಏಳು, ಎಬ್ಬಿಸು. ಬೀಳು, ಬೀಳಿಸು. ಮಲಗು, ಮಲಗಿಸು. ಕಲಿ, ಕಲಿಸು. ತಾನೇ ಆಗುವುದನ್ನು ಇನ್ನೊಬ್ಬರಿಂದ ಆಗುವಂತೆ ಮಾಡಲು ಕನ್ನಡದಲ್ಲಿ ‘ಇಸು’ ಹಚ್ಚಿದರೆ ಮುಗಿಯಿತು. ಇಂಗ್ಲಿಷ್ ಸೇರಿರುವ ಜರ್ಮ್ಯಾನಿಕ್ ಭಾಷೆಗಳಲ್ಲೂ ಬಹಳ ಹಿಂದೆ ಇಂಥದೊಂದು ಪ್ರತ್ಯಯ ಇತ್ತು. ಕಾಲಕ್ರಮದಲ್ಲಿ ಅದು ಸವೆದುಹೋಗಿ, ಪದದ ನಡುವಿನ ಸ್ವರ ಬದಲಾದದ್ದು ಮಾತ್ರ ಗುರುತಾಗಿ ಉಳಿಯಿತು. ‘ರೈಸ್’ ಎಂದರೆ ಏಳು ಅಥವಾ ಏರು, ‘ರೇಸ್’ ಎಂದರೆ ಏರಿಸು. ‘ಸಿಟ್’ ಕೂರು, ‘ಸೆಟ್’ ಕೂರಿಸು. ‘ಫಾಲ್’ ಬೀಳು, ‘ಫೆಲ್’ ಬೀಳಿಸು, ಮರ ಕಡಿದು ಉರುಳಿಸುವುದಕ್ಕೆ ಈಗಲೂ ಅದೇ ಪದ. ಸಮುದ್ರದ ನೀರು ‘ರೈಸ್’ ಆಗುತ್ತದೆ, ಬಸ್ ದರವನ್ನು ಯಾರೋ ‘ರೇಸ್’ ಮಾಡುತ್ತಾರೆ. ಹೀಗೆ ಜೋಡಿಯಾಗಿ ಕಂಡರೆ ಇವು ಎರಡು ಬಿಡಿ ಪದಗಳೆಂಬ ಭಾರ ಇಳಿಯುತ್ತದೆ.

ಈ ಗುಂಪಿನಲ್ಲಿ ಕಾಟ ಕೊಡುವುದು ‘ಲೈ’ ಮತ್ತು ‘ಲೇ’. ‘ಲೈ’ ಮಲಗು, ‘ಲೇ’ ಮಲಗಿಸು ಅಥವಾ ಇಡು. ಇಷ್ಟಾದರೆ ಸುಲಭವಿತ್ತು. ಆದರೆ ‘ಲೈ’ಯ ಭೂತಕಾಲದ ರೂಪವೂ ‘ಲೇ’ ಎಂದೇ ಆಗಿಬಿಟ್ಟಿದೆ. ‘ನಿನ್ನೆ ಅವನು ಚಾಪೆಯ ಮೇಲೆ ಮಲಗಿದ’ ಎಂದರೆ ‘ಹೀ ಲೇ’. ‘ಮಗುವನ್ನು ಚಾಪೆಯ ಮೇಲೆ ಮಲಗಿಸಿದ’ ಎಂದರೆ ‘ಹೀ ಲೇಡ್’. ಸಾಲದ್ದಕ್ಕೆ ಸುಳ್ಳು ಹೇಳುವ ‘ಲೈ’ ಬೇರೆ ಇದೆ, ಅದರ ಭೂತಕಾಲ ‘ಲೈಡ್’. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರು ಇಲ್ಲಿ ದಿನವೂ ಎಡವುತ್ತಾರೆ. ನಮ್ಮ ಮಕ್ಕಳು ಎಡವಿದರೆ ತಲೆ ತಗ್ಗಿಸಬೇಕಾಗಿಲ್ಲ.

‘ರಿಮೆಂಬರ್’, ‘ರಿಮೈಂಡ್’ ಕೂಡ ನೆನಪಾಗು, ನೆನಪಿಸು ಎನ್ನುವ ಜೋಡಿಯೇ. ‘ಲರ್ನ್’, ‘ಟೀಚ್’ ಕಲಿ, ಕಲಿಸು. ಗೆಲ್ಲುವ ವಿಷಯದಲ್ಲೂ ‘ಇಸು’ ಕೈಹಿಡಿಯುತ್ತದೆ. ಕಂಬಳದಲ್ಲಿ ಒಂದು ಜೊತೆ ಕೋಣಗಳು ಇನ್ನೊಂದು ಜೊತೆಯನ್ನು ಸೋಲಿಸುತ್ತವೆ, ಬಹುಮಾನವನ್ನು ಗೆಲ್ಲುತ್ತವೆ. ಸೋಲಿಸುವುದು ‘ಬೀಟ್’, ಗೆಲ್ಲುವುದು ‘ವಿನ್’. ಎದುರಾಳಿಯನ್ನು ‘ವಿನ್’ ಮಾಡಲಾಗದು. ‘ವಿನ್’ ಆಗುವುದು ಓಟ, ಪಂದ್ಯ, ಪದಕ, ಚುನಾವಣೆ.

ಇಲ್ಲಿಂದ ಇನ್ನೊಂದು ಅಭ್ಯಾಸ ಹುಟ್ಟುತ್ತದೆ: ಕ್ರಿಯಾಪದದ ಮುಂದೆ ಯಾರು ಅಥವಾ ಏನು ನಿಂತಿದೆ ಎಂದು ನೋಡುವುದು. ‘ಸ್ಟೀಲ್’ ಮುಂದೆ ಕದ್ದ ವಸ್ತು ಬರುತ್ತದೆ, ‘ರಾಬ್’ ಮುಂದೆ ಕಳೆದುಕೊಂಡ ವ್ಯಕ್ತಿ ಅಥವಾ ಸ್ಥಳ ಬರುತ್ತದೆ. ಸರವನ್ನು ‘ಸ್ಟೀಲ್’ ಮಾಡುತ್ತಾರೆ, ಅಂಗಡಿಯನ್ನು ‘ರಾಬ್’ ಮಾಡುತ್ತಾರೆ.

‘ಸೇ’ ಮತ್ತು ‘ಟೆಲ್’ ಸಹ ಬೇರೆಯಾಗುವುದು ಇಲ್ಲಿಯೇ. ‘ಟೆಲ್’ ಕೇಳುಗನನ್ನು ಪಕ್ಕದಲ್ಲೇ ಬಯಸುತ್ತದೆ, ‘ಸೇ’ ಆಡಿದ ಮಾತನ್ನು ಬಯಸುತ್ತದೆ. ‘ನಾಳೆ ಬರುತ್ತೇನೆಂದು ಅವಳು ಹೇಳಿದಳು’ ಎನ್ನುವಲ್ಲಿ ಕೇಳಿದವರು ಯಾರೆಂದಿಲ್ಲ, ಹಾಗಾಗಿ ‘ಸೆಡ್’. ‘ನಾಳೆ ಬರುತ್ತೇನೆಂದು ಅವಳು ನನಗೆ ಹೇಳಿದಳು’ ಎನ್ನುವಲ್ಲಿ ‘ನನಗೆ’ ಬಂತು, ಹಾಗಾಗಿ ‘ಟೋಲ್ಡ್ ಮಿ’. ‘ಸೆಡ್ ಟು ಮಿ’ ಎಂದರೂ ವ್ಯಾಕರಣಕ್ಕೆ ಭಂಗವಿಲ್ಲ, ಆದರೆ ಮಾತು ಭಾರವಾಗುತ್ತದೆ. ಸತ್ಯ, ಸುಳ್ಳು, ಕಥೆ ಇವು ಮೂರಕ್ಕೆ ಕೇಳುಗನಿಲ್ಲದಿದ್ದರೂ ‘ಟೆಲ್’ ಬೇಕು, ‘ಸೇ’ ಸಲ್ಲದು. ಅಪ್ಪಣೆ ಕೊಡುವುದಕ್ಕೂ ‘ಟೆಲ್’ ಸಹಜ. ‘ಸ್ಪೀಕ್’ ಮತ್ತು ‘ಟಾಕ್’ ನಡುವೆ ಅಷ್ಟೊಂದು ಅಂತರವಿಲ್ಲ. ಭಾಷೆಯ ಹೆಸರಿನ ಜೊತೆ ‘ಸ್ಪೀಕ್’, ಗೆಳೆಯರ ಹರಟೆಗೆ ‘ಟಾಕ್’ ಎಂದು ನೆನಪಿಟ್ಟರೆ ದಿನ ಸಾಗುತ್ತದೆ.

‘ಟೆಲ್’ ನಂತರ ‘ಟು’ ಬೇಡ ಎನ್ನುವುದನ್ನು ಮಾತ್ರ ಗಟ್ಟಿ ಮಾಡಿಕೊಳ್ಳಬೇಕು. ‘ನನಗೆ’ಯಲ್ಲಿರುವ ‘ಗೆ’ ನಮ್ಮ ಬಾಯಿಗೆ ಆ ‘ಟು’ವನ್ನು ತಂದುಕೊಡುತ್ತದೆ. ಇದೇ ‘ಗೆ’ ಇನ್ನೂ ಎಷ್ಟು ಕಡೆ ನುಸುಳುತ್ತದೆ ನೋಡಿ. ಉಡುಪಿಯಿಂದ ಬಸ್ ಹತ್ತಿ ಮಂಗಳೂರಿಗೆ ತಲುಪಿದ ಹುಡುಗ ‘ರೀಚ್ಡ್ ಟು ಮಂಗಳೂರು’ ಎನ್ನುತ್ತಾನೆ. ‘ರೀಚ್’ಗೆ ಯಾವ ಸೇತುವೆಯೂ ಬೇಡ. ‘ಅರೈವ್’ಗೆ ಬೇಕು, ಆದರೆ ಅದು ‘ಟು’ ಅಲ್ಲ: ಊರಾದರೆ ‘ಇನ್’, ಬಸ್ ನಿಲ್ದಾಣವಾದರೆ ‘ಅಟ್’. ಪ್ರಶ್ನೆಗೆ ಉತ್ತರಿಸುವಾಗ ‘ಆನ್ಸರ್ ಟು’, ಕೋಣೆಗೆ ಪ್ರವೇಶಿಸುವಾಗ ‘ಎಂಟರ್ ಟು’ ಎನ್ನುವುದೂ ಇದೇ ದಾರಿಯಿಂದ ಬಂದ ತಪ್ಪುಗಳು. ಹಾಗೆಯೇ ‘ಬಗ್ಗೆ ಚರ್ಚಿಸು’ ಎನ್ನುವುದು ‘ಡಿಸ್ಕಸ್ ಅಬೌಟ್’ ಆಗುತ್ತದೆ. ತಪ್ಪು ಎಲ್ಲಿಂದ ಬರುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಬಾಗಿಲಲ್ಲೇ ತಡೆಯುವುದು ಕಷ್ಟವಲ್ಲ.

ಸಾಲದ ಮಾತನ್ನು ಈ ಜಿಲ್ಲೆಗಳಲ್ಲಿ ತಪ್ಪಾಗಿ ಆಡಬಾರದು. 1906ರಲ್ಲಿ ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕ್ ಉಡುಪಿಯಲ್ಲಿ ಹುಟ್ಟಿದವು. ಕರ್ಣಾಟಕ ಬ್ಯಾಂಕ್ 1924ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮತ್ತೆ ಮಂಗಳೂರಿನಲ್ಲಿ. ಅವೆಲ್ಲ ಮಾಡಿದ್ದು ‘ಲೆಂಡ್’, ಅಂದರೆ ಸಾಲ ಕೊಡುವುದು. ಕೌಂಟರಿನ ಈಚೆ ನಿಂತ ನಾವು ಮಾಡಿದ್ದು ‘ಬಾರೋ’. ಪೆನ್ನು ಬೇಕಾದಾಗ ‘ಕ್ಯಾನ್ ಐ ಬಾರೋ’ ಎನ್ನಬೇಕು, ಅಥವಾ ‘ಕ್ಯಾನ್ ಯೂ ಲೆಂಡ್ ಮಿ’ ಎನ್ನಬೇಕು. ಹಣ, ಪೆನ್ನು ಯಾವ ಕಡೆಗೆ ಚಲಿಸುತ್ತಿದೆ, ಕರ್ತೃ ಯಾವ ಕಡೆ ನಿಂತಿದ್ದಾನೆ ಎನ್ನುವುದಷ್ಟೇ ಇಲ್ಲಿ ಪ್ರಶ್ನೆ. ‘ಬ್ರಿಂಗ್’ ಮತ್ತು ‘ಟೇಕ್’ ಸಹ ಹಾಗೆಯೇ ತರು, ಒಯ್ಯು ಎಂದು ಬಗೆಹರಿಯುತ್ತವೆ.

ನಿಯಮ ಮುಗಿದ ಮೇಲೆ

ಇಲ್ಲಿಯವರೆಗಿನದಕ್ಕೆ ಕಾರಣ ಹೇಳಬಹುದಿತ್ತು. ಇನ್ನು ಕೆಲವಕ್ಕೆ ಕಾರಣವಿಲ್ಲ, ಸಹವಾಸ ಮಾತ್ರ ಇದೆ. ನಮ್ಮಲ್ಲಿ ಸೀರೆ ಉಡುತ್ತಾರೆ, ರವಿಕೆ ತೊಡುತ್ತಾರೆ, ಶಂಕರಪುರ ಮಲ್ಲಿಗೆ ಮುಡಿಯುತ್ತಾರೆ, ಕುಂಕುಮ ಇಡುತ್ತಾರೆ. ಇಂಗ್ಲಿಷಿನಲ್ಲಿ ಇವೆಲ್ಲ ‘ವೇರ್’. ಮಣಿಪಾಲಕ್ಕೆ ಓದಲು ಬಂದ ಹೊರದೇಶದ ವಿದ್ಯಾರ್ಥಿನಿ ಕನ್ನಡ ಕಲಿತು ‘ನಾನು ಮಲ್ಲಿಗೆ ಉಟ್ಟಿದ್ದೇನೆ’ ಎಂದರೆ ನಾವು ಪ್ರೀತಿಯಿಂದ ತಿದ್ದುತ್ತೇವೆ. ಹೂವನ್ನು ಏಕೆ ಉಡಬಾರದು ಎಂದು ಆಕೆ ಕೇಳಿದರೆ ‘ಹಾಗೆ ಹೇಳುವುದಿಲ್ಲ’ ಎಂಬುದಲ್ಲದೆ ಬೇರೆ ಉತ್ತರ ನಮ್ಮಲ್ಲಿಲ್ಲ. ಹೂವಿನ ಜೊತೆಗೇ ‘ಮುಡಿ’ ನಮ್ಮ ಕಿವಿಗೆ ಬಿದ್ದಿತ್ತು, ಜೊತೆಗೇ ಉಳಿಯಿತು.

‘ಡೂ’ ಮತ್ತು ‘ಮೇಕ್’ ಇಂಥವು. ಹೊಸದೇನಾದರೂ ಉಂಟಾದರೆ ‘ಮೇಕ್’, ಇರುವ ಕೆಲಸ ನಡೆಸಿದರೆ ‘ಡೂ’ ಎಂಬ ಸೂತ್ರ ಸ್ವಲ್ಪ ದೂರ ಬರುತ್ತದೆ. ದೋಸೆ ‘ಮೇಕ್’, ಮನೆಗೆಲಸ ‘ಡೂ’. ತಪ್ಪು, ಗದ್ದಲ, ತೀರ್ಮಾನ, ಪ್ರಯತ್ನ ಇವುಗಳಿಗೆ ‘ಮೇಕ್’. ವ್ಯಾಪಾರ, ವ್ಯಾಯಾಮ, ಉಪಕಾರ ಇವುಗಳಿಗೆ ‘ಡೂ’. ಪ್ರಯತ್ನದಿಂದ ಏನೋ ಹುಟ್ಟುತ್ತದೆ, ವ್ಯಾಪಾರದಿಂದ ಹುಟ್ಟುವುದಿಲ್ಲ ಎಂದು ವಾದಿಸಲು ಹೋದರೆ ನಾವೇ ಸಿಕ್ಕಿಬೀಳುತ್ತೇವೆ. ಆದ್ದರಿಂದ ‘ಮೇಕ್’ ಎಂದರೆ ಮಾಡು ಎಂದು ಬರೆದುಕೊಳ್ಳುವುದಕ್ಕಿಂತ ‘ಮೇಕ್ ಎ ಮಿಸ್ಟೇಕ್’ ಎಂದು ಇಡಿಯಾಗಿ ಬರೆದುಕೊಳ್ಳುವುದು ಹೆಚ್ಚು ಉಪಯುಕ್ತ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳು ಹೀಗೆ ಉದಾಹರಣೆ ವಾಕ್ಯಗಳ ಸಮೇತ ಪದ ಕೊಡುತ್ತವೆ. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ, ಅದು ನಮ್ಮ ಹೆಮ್ಮೆ. ಆದರೆ ಕನ್ನಡ ಪದದ ಅರ್ಥ ತಿಳಿಯುವುದು ಒಂದು ಅಗತ್ಯ, ಇಂಗ್ಲಿಷ್ ಕ್ರಿಯಾಪದ ಯಾರ ಜೊತೆ ಓಡಾಡುತ್ತದೆ ಎಂದು ತಿಳಿಯುವುದು ಇನ್ನೊಂದು ಅಗತ್ಯ.

ನಮ್ಮ ‘ಹಾಕು’ ಮತ್ತು ‘ತೆಗೆ’ ಇಲ್ಲಿ ವಿಶೇಷ ಎಚ್ಚರಿಕೆ ಬೇಡುತ್ತವೆ. ಲೈಟ್ ಹಾಕು, ಬೀಗ ಹಾಕು, ಅಂಗಿ ಹಾಕು, ಗಿಡಕ್ಕೆ ನೀರು ಹಾಕು ಎನ್ನುವಲ್ಲೆಲ್ಲ ಬರಿಯ ‘ಪುಟ್’ ನಡೆಯದು. ಕ್ರಮವಾಗಿ ‘ಟರ್ನ್ ಆನ್’, ‘ಲಾಕ್’, ‘ಪುಟ್ ಆನ್’, ‘ವಾಟರ್’ ಆಗಬೇಕು. ಅಂಗಿಯ ವಿಷಯದಲ್ಲಿ ಇನ್ನೊಂದು ಮಾತು: ಹಾಕಿಕೊಳ್ಳುವ ಆ ಕ್ಷಣದ ಕೆಲಸ ‘ಪುಟ್ ಆನ್’, ಹಾಕಿಕೊಂಡಿರುವ ಸ್ಥಿತಿ ‘ವೇರ್’. ‘ತೆಗೆ’ಯಂತೂ ಅರ್ಥವನ್ನೇ ತಿರುಗಿಸಿಬಿಡಬಲ್ಲದು. ಮದುವೆ ಮನೆಯಲ್ಲಿ ‘ಒಂದು ಫೋಟೋ ತೆಗೆಯಿರಿ’ ಎನ್ನುವುದು ‘ಟೇಕ್’. ಅದನ್ನೇ ‘ರಿಮೂವ್’ ಎಂದರೆ ಇದ್ದ ಫೋಟೋವನ್ನು ಅಳಿಸಲು ಹೇಳಿದಂತೆ. ಬಾಗಿಲು ತೆಗೆಯುವುದು ‘ಓಪನ್’, ಚಪ್ಪಲಿ ತೆಗೆಯುವುದು ‘ಟೇಕ್ ಆಫ್’ ಅಥವಾ ‘ರಿಮೂವ್’.

ಒಂದೇ ಅರ್ಥದ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಇಷ್ಟೊಂದು ಏಕಿವೆ ಎಂದು ಜಾಣ ಮಕ್ಕಳು ಕೇಳುತ್ತಾರೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದರು. ಅರಮನೆ, ನ್ಯಾಯಾಲಯಗಳಿಗೆ ಫ್ರೆಂಚ್ ಬಂತು, ಚರ್ಚು ಮತ್ತು ವಿದ್ಯೆಯ ಭಾಷೆಯಾಗಿ ಲ್ಯಾಟಿನ್ ಮೊದಲೇ ಇತ್ತು, ಜನರ ಬಾಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಅದರಿಂದ ‘ಆಸ್ಕ್’ ಜನರದ್ದು, ‘ಕ್ವೆಶ್ಚನ್’ ಫ್ರೆಂಚಿನ ಮೂಲಕ ಬಂದದ್ದು, ‘ಇಂಟರಾಗೇಟ್’ ಲ್ಯಾಟಿನ್ನಿನದು. ನಮಗೆ ಇದು ಹೊಸತಲ್ಲ. ಅಚ್ಚಗನ್ನಡದ ‘ಕೇಳು’ ಇದೆ, ಸಂಸ್ಕೃತದಿಂದ ಬಂದ ‘ಪ್ರಶ್ನಿಸು’ ಇದೆ, ಪೊಲೀಸ್ ಠಾಣೆಯಲ್ಲಿ ನಡೆಯುವ ‘ವಿಚಾರಣೆ’ ಇದೆ. ದಾರಿ ತಿಳಿಯಲು ಯಾರನ್ನೂ ನಾವು ವಿಚಾರಣೆ ಮಾಡುವುದಿಲ್ಲ. ತೊಡಗು, ಆರಂಭಿಸು, ಶುರುಮಾಡು ಇರುವಂತೆ ‘ಬಿಗಿನ್’, ‘ಕಮೆನ್ಸ್’, ‘ಸ್ಟಾರ್ಟ್’ ಇವೆ. ಮೊದಲನೆಯದು ಹೆಚ್ಚಿನ ಕಡೆ ಸಲ್ಲುತ್ತದೆ. ‘ಕಮೆನ್ಸ್’ ಸುತ್ತೋಲೆಯ ಭಾಷೆ, ಊಟಕ್ಕೆ ಕೂತಾಗ ಹೇಳುವಂಥದ್ದಲ್ಲ. ಬಸ್ಸಿನ ಎಂಜಿನ್ನಿಗೆ ‘ಸ್ಟಾರ್ಟ್’ ಒಂದೇ. ಅರ್ಜಿಯನ್ನು ಘನವಾಗಿ ಕಾಣಿಸಲು ‘ಬೈ’ ಬಿಟ್ಟು ‘ಪರ್ಚೇಸ್’, ‘ಹೆಲ್ಪ್’ ಬಿಟ್ಟು ‘ಅಸಿಸ್ಟ್’ ತುಂಬುವ ಚಟ ನಮ್ಮಲ್ಲಿ ಇದೆ. ಚಿಕ್ಕ ಪದ ಸಾಕಾಗುವಲ್ಲಿ ಚಿಕ್ಕದನ್ನೇ ಬಳಸಿ ಎಂದು ನಾನು ಪಟ್ಟು ಹಿಡಿಯುತ್ತೇನೆ.

ಕೊನೆಯದಾಗಿ, ಮಕ್ಕಳು ವರ್ಷಕ್ಕೆ ಹಲವು ಸಲ ಆಡುವ ಒಂದು ಮಾತು. ನಾವು ಪರೀಕ್ಷೆ ಬರೆಯುತ್ತೇವೆ, ಅದಕ್ಕೆ ‘ರೈಟ್ ದ ಎಗ್ಸಾಮ್’ ಎನ್ನುತ್ತೇವೆ. ಹಿಂದಿ ಪ್ರದೇಶದವರು ತಮ್ಮ ಭಾಷೆಯಂತೆ ‘ಗಿವ್’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ‘ಸಿಟ್’ ಅಥವಾ ‘ಟೇಕ್’ ಎನ್ನುತ್ತಾರೆ, ಅಮೆರಿಕದಲ್ಲಿ ‘ಟೇಕ್’. ಕೆನಡಾದವರು ನಮ್ಮ ಹಾಗೆ ‘ರೈಟ್’ ಎನ್ನುವುದುಂಟು. ಇವುಗಳಲ್ಲಿ ‘ಗಿವ್’ ಒಂದರ ಬಗ್ಗೆ ಹೊರದೇಶದವರೊಡನೆ ಮಾತಾಡುವಾಗ ಜಾಗ್ರತೆ ಇರಲಿ. ಅವರ ಕಿವಿಯಲ್ಲಿ ಪರೀಕ್ಷೆ ‘ಗಿವ್’ ಮಾಡುವವರು ಅಧ್ಯಾಪಕರು. ‘ರೈಟ್’ ಎಂದದ್ದಕ್ಕೆ ಯಾರಾದರೂ ನಮ್ಮ ಮಕ್ಕಳನ್ನು ತಿದ್ದಲು ಬಂದರೆ ಒಪ್ಪಿಕೊಳ್ಳುವ ಅಗತ್ಯವಿಲ್ಲ. ‘ಟೇಕ್’ ಎಂದರೆ ಎಲ್ಲ ಕಡೆಯೂ ಅರ್ಥವಾಗುತ್ತದೆ. ಸಂದರ್ಶನಕ್ಕೆ ಹೋಗುವವರಿಗೆ ನಾನು ಅದನ್ನೇ ಹೇಳಿಕೊಡುತ್ತೇನೆ.